ಮಳೆಯಲ್ಲಿ ಬಳಸಿದ ದಾರಿ

ದೂರದ ಸೈಕಲ್ ಪ್ರವಾಸ ಮುಗಿಸಿ ಬಂದವರು ಅದನ್ನು ನೆನೆದು ಬರೆಯುವಾಗ ಮಳೆಯ ದಿನಕ್ಕೆ ಹೆಚ್ಚಾಗಿ ಎರಡೇ ಸಾಲು ಸಿಗುತ್ತದೆ. ಬೆಳಗಿನಿಂದ ಮಳೆ, ಮುಂದೆ ದಾರಿ ಮುಚ್ಚಿತ್ತು, ಸುತ್ತಿ ಬಂದೆವು. ಬಿಸಿಲಿನ ದಿನ ಕಂಡ ಸೇತುವೆಗೆ, ಹೊಳೆಯ ತಿರುವಿಗೆ, ಸಂಜೆ ಹೂಡಿದ ಡೇರೆಗೆ ಪುಟಗಟ್ಟಲೆ ಜಾಗ. ಮಳೆಯ ದಿನ ಮಾತ್ರ ಕೈತಪ್ಪಿದ ದಿನವಾಗಿ, ಎಷ್ಟು ಕಿಲೋಮೀಟರ್ ಹಿಂದೆ ಬಿದ್ದೆವು ಎಂಬ ಲೆಕ್ಕವಾಗಿ ಮುಗಿದುಹೋಗುತ್ತದೆ. ಹಿಂದಿರುಗಿ ನೋಡಿದಷ್ಟೂ ನನಗೆ ಈ ಲೆಕ್ಕ ತಪ್ಪೆನಿಸುತ್ತದೆ. ಒಂದು ದಾರಿಯನ್ನು ಯಾರು ಮಾಡಿದರು, ಯಾವುದು ಅದನ್ನು ಕೆಡಿಸುತ್ತದೆ, ಕೆಟ್ಟಾಗ ಯಾರು ಮತ್ತೆ ಕಟ್ಟುತ್ತಾರೆ ಎಂಬುದು ಸವಾರನಿಗೆ ತಿಳಿಯುವುದು ಮಳೆ ಬಂದು ದಾರಿ ಮುಚ್ಚಿದ ದಿನವೇ. ಒಣಗಿದ, ತೆರೆದ, ಸಮತಟ್ಟಾದ ದಾರಿ ತನ್ನ ಬಗ್ಗೆ ಏನನ್ನೂ ಹೇಳುವುದಿಲ್ಲ. ಚಕ್ರ ಅದರ ಮೇಲೆ ಉರುಳುತ್ತಿರುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ಆದ್ದರಿಂದ ಪ್ರವಾಸದ ನೆನಪಿನಲ್ಲಿ ಮೊದಲ ಜಾಗ ಸಲ್ಲಬೇಕಾದದ್ದು ಆ ಒದ್ದೆ ದಿನಕ್ಕೆ ಎಂಬುದು ನನ್ನ ವಾದ. ಇದನ್ನು ಬರಿಯ ಮಾತಿನಲ್ಲಿ ಹೇಳುವುದಕ್ಕಿಂತ ಒಂದು ದಾರಿಯನ್ನು ಹಿಡಿದು ಹೇಳುವುದು ಒಳ್ಳೆಯದು. ಅಮೆರಿಕದ ಕಂಬರ್ಲ್ಯಾಂಡ್ ಎಂಬ ಊರಿನಿಂದ ವಾಷಿಂಗ್ಟನ್ ನಗರದವರೆಗೆ ಪೊಟೊಮ್ಯಾಕ್ ನದಿಯ ದಡ ಹಿಡಿದು ಬರುವ, 184.5 ಮೈಲಿ, ಅಂದರೆ ಸುಮಾರು 297 ಕಿಲೋಮೀಟರ್ ಉದ್ದದ ಹಳೆಯ ಕಾಲುವೆದಾರಿ ಈ ಮಾತಿಗೆ ತಕ್ಕ ಸಾಕ್ಷಿ.

ಅದರ ಪೂರ್ಣ ಹೆಸರು ಚೆಸಪೀಕ್ ಅಂಡ್ ಒಹಾಯೋ ಕಾಲುವೆ. ಸವಾರರ ಬಾಯಲ್ಲಿ ಬರೀ ಸಿ ಅಂಡ್ ಓ. ಹೇಸರಗತ್ತೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತ ನಡೆಯುತ್ತಿದ್ದ, ಕಾಲುವೆಯ ಪಕ್ಕದ ಮಣ್ಣುದಾರಿಗೆ ಟೋಪಾತ್ ಎನ್ನುತ್ತಾರೆ. ಈಗ ಸೈಕಲ್ ಓಡುವುದು ಅದರ ಮೇಲೆ. ಇಡೀ ಉದ್ದಕ್ಕೆ ಇರುವ 605 ಅಡಿ ಇಳಿತವನ್ನು, ದೋಣಿ ಏರಿಸಿ ಇಳಿಸುವ ನೀರಿನ ಕೋಣೆಗಳಾದ 74 ಲಾಕ್‌ಗಳ ಮೆಟ್ಟಿಲಿನಲ್ಲಿ ಹಂಚಿಬಿಟ್ಟಿರುವುದರಿಂದ ಸವಾರನಿಗೆ ಏರಿಳಿತವೇ ತಿಳಿಯುವುದಿಲ್ಲ. ಒಂದೊಂದು ಲಾಕಿನ ಬಳಿ ಪುಟ್ಟದೊಂದು ಇಳಿಜಾರು, ಮತ್ತೆ ಮೈಲಿಗಟ್ಟಲೆ ಮಟ್ಟಸ. ಮೇಲೆ ಸಿಕಮೋರ್ ಮತ್ತು ಮೇಪಲ್ ಮರಗಳ ಚಪ್ಪರ. ಪಿಟ್ಸ್‌ಬರ್ಗ್‌ನಿಂದ ಹೊರಟವರು ಕಂಬರ್ಲ್ಯಾಂಡಿಗೆ ಬರುವುದು ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂಬ 150 ಮೈಲಿಯ ಇನ್ನೊಂದು ದಾರಿಯಲ್ಲಿ. ಅದು ಹಳಿ ಕಿತ್ತ ರೈಲುದಾರಿ. ಅದರ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಒತ್ತಿದ್ದಾರೆ, ಮಳೆ ಬಂದರೂ ನೀರು ಬಸಿದುಹೋಗುತ್ತದೆ, ಚೈನಿಗೆ ಬೂದು ಬಣ್ಣದ ಕೆನೆ ಹತ್ತುವುದು ಬಿಟ್ಟರೆ ದೊಡ್ಡ ತೊಂದರೆಯಿಲ್ಲ. ಕಂಬರ್ಲ್ಯಾಂಡ್ ದಾಟಿದ ಮೇಲೆ ಹಲವೆಡೆ ಬರುವುದು ಜೇಡಿಮಣ್ಣು. ಹೇಸರಗತ್ತೆಯ ಗೊರಸಿಗೆ ಬೇಕಿದ್ದುದು ಕಾಲು ಕಚ್ಚಿ ನಿಲ್ಲುವ ಮೆತ್ತನೆಯ ನೆಲ, ಸೈಕಲ್ಲಿನ ಟೈರಿಗೆ ಬೇಕಿರುವುದು ನೀರು ನಿಲ್ಲದ ಗಟ್ಟಿ ನೆಲ. ಒಣಗಿದ್ದಾಗ ಈ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಒಂದೆರಡು ತಾಸು ಮಳೆ ಹಿಡಿದರೆ ಎರಡು ಗಾಲಿಜಾಡುಗಳೂ ಕೆಸರಿನ ತೋಡಾಗುತ್ತವೆ, ನಡುವಿನ ಹುಲ್ಲಿನ ದಿಂಡು ಜಾರುತ್ತದೆ, ಹೊಂಡದ ಕಂದು ನೀರಿನ ಅಡಿಯಲ್ಲಿ ಬೇರಿದೆಯೋ ಕಲ್ಲಿದೆಯೋ ಕಾಣುವುದಿಲ್ಲ. ಮಡ್‌ಗಾರ್ಡಿನ ಒಳಗೆ ಮಣ್ಣು ಮೆತ್ತಿ ಚಕ್ರ ಹಿಡಿದುಕೊಳ್ಳುತ್ತದೆ, ಇಳಿದು ಕಡ್ಡಿಯಿಂದ ಕೆರೆದು ತೆಗೆಯಬೇಕು. ಬ್ರೇಕಿನ ರಬ್ಬರು ಮರಳಿನ ಜೊತೆ ಉಜ್ಜಿ ಸವೆಯುತ್ತದೆ. ನಿನ್ನೆ ಎರಡು ಗಂಟೆಯಲ್ಲಿ ಕಳೆದ ದೂರಕ್ಕೆ ಇವತ್ತು ನಾಲ್ಕು ಗಂಟೆ. ಈ ದಾರಿಯನ್ನು ಮಾಡಿದ್ದು ಪ್ರಾಣಿಗಾಗಿ, ಸೈಕಲ್ ಇಲ್ಲಿ ತಡವಾಗಿ ಬಂದ ಅತಿಥಿ ಎಂಬ ಸಂಗತಿಯನ್ನು ಮಾಹಿತಿ ಫಲಕಗಳು ಹೇಳುತ್ತವೆ, ನಿಜ. ಆದರೆ ಫಲಕ ಓದಿದ್ದು ಮರೆತುಹೋಗುತ್ತದೆ, ಮೊಣಕಾಲು ಕಲಿತದ್ದು ಉಳಿಯುತ್ತದೆ.

ಇದು ಬರೀ ಮಣ್ಣಿನ ಮಾತಾಯಿತು. ಮಳೆಯ ಜೊತೆ ಬರುವ ಇನ್ನೊಂದು ಸಂಗತಿ ಮುಚ್ಚಿದ ದಾರಿ: ಬಿದ್ದ ಮರ, ಕೊಚ್ಚಿಹೋದ ಮೋರಿ, ಉರುಳಿದ ಬಂಡೆ, ಅಡ್ಡಗಟ್ಟೆ, ಅದರ ಮೇಲೊಂದು ಬಾಣದ ಗುರುತು. ಸರ್ಕಾರಿ ಕನ್ನಡದಲ್ಲಿ ಇದನ್ನು ಬದಲಿ ಮಾರ್ಗ ಎನ್ನುತ್ತೇವೆ. ಅಸಲಿ ದಾರಿ ಬೇರೆ, ಇದು ಅದರ ಬದಲಿಗೆ ಕೊಟ್ಟ ಸಮಾಧಾನ ಎಂಬ ಧ್ವನಿ ಅದರಲ್ಲಿದೆ. ಹಳೆಯ ಮಾತು ಬಳಸುದಾರಿ. ಕನ್ನಡದಲ್ಲಿ ಬಳಸು ಎಂದರೆ ಸುತ್ತಿ ಹೋಗು ಎಂದೂ ಆಗುತ್ತದೆ, ಉಪಯೋಗಿಸು ಎಂದೂ ಆಗುತ್ತದೆ. ಈ ಎರಡು ಅರ್ಥಗಳ ನಡುವೆ ವ್ಯಾಕರಣದವರು ಯಾವ ಸಂಬಂಧ ಹೇಳುತ್ತಾರೋ ಅವರಿಗೆ ಬಿಡೋಣ. ಸಿ ಅಂಡ್ ಓ ಮಟ್ಟಿಗೆ ಎರಡೂ ಒಂದೇ. ಆ ಕಾಲುವೆಯನ್ನು ಕಟ್ಟಿದವರೂ ಅದರಲ್ಲಿ ದೋಣಿ ನಡೆಸಿದವರೂ ಸುತ್ತಿ ಹೋಗದೆ ಅದನ್ನು ಉಪಯೋಗಿಸಲು ಆಗಿರಲಿಲ್ಲ.

ಕಾಲುವೆಯ ಹುಟ್ಟನ್ನೇ ನೋಡಿ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮೊದಲ ಗುದ್ದಲಿ ಹಾಕಿದಾಗ ಅದು ಬೇರಿಗೆ ತಗುಲಿ ನೆಲಕ್ಕಿಳಿಯಲಿಲ್ಲ. ಆತ ಕೋಟು ಕಳಚಿಟ್ಟು ಮತ್ತೆ ಅಗೆಯಬೇಕಾಯಿತು. ಅದೇ ದಿನ ಬಾಲ್ಟಿಮೋರ್‌ನಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೋ ರೈಲಿನ ಮೊದಲ ಕಲ್ಲನ್ನೂ ಇಟ್ಟರು. ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಬೆಟ್ಟಕ್ಕೂ ನದಿಗೂ ನಡುವಿನ ಇಕ್ಕಟ್ಟಾದ ಜಾಗಕ್ಕಾಗಿ ಎರಡು ಕಂಪನಿಗಳ ನಡುವೆ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. 1832ರಲ್ಲಿ ಕಾಲುವೆ ಗೆದ್ದಿತು, ಮೇರಿಲ್ಯಾಂಡ್ ದಡದ ಮೊದಲ ಹಕ್ಕು ಅದಕ್ಕೆ ದಕ್ಕಿತು. ರೈಲು ಹಾರ್ಪರ್ಸ್ ಫೆರಿಯ ಬಳಿ ನದಿ ದಾಟಿ, ಆಗಿನ ವರ್ಜೀನಿಯಾದ ಒಳಗಿಂದ ಬಳಸಿ ಹೋಯಿತು. ಬಳಸಿ ಹೋದ ರೈಲು 1842ರಲ್ಲಿ ಕಂಬರ್ಲ್ಯಾಂಡ್ ಸೇರಿತು, ದಡ ಗೆದ್ದ ಕಾಲುವೆ ಸೇರಿದ್ದು 1850ರಲ್ಲಿ. ಹಣದ ಕೊರತೆ, ಕಾಲರಾ, ಕೂಲಿಯ ಜಗಳ ಎಲ್ಲವೂ ಕಾಲುವೆಯನ್ನು ಹಿಂದಕ್ಕೆ ಎಳೆದಿದ್ದವು, ಆದ್ದರಿಂದ ಸುತ್ತಿದ್ದರಿಂದಲೇ ರೈಲು ಗೆದ್ದಿತು ಎಂದು ನಾನು ಹೇಳಲಾರೆ. ಆದರೆ ನೇರದಾರಿ ಸಿಕ್ಕಿದ್ದು ಕಾಲುವೆಯನ್ನು ಉಳಿಸಲಿಲ್ಲ ಎಂಬುದಂತೂ ಸ್ಪಷ್ಟ. ಒಹಾಯೋ ನದಿಯವರೆಗೆ ಹೋಗಬೇಕೆಂದು ಹೊರಟದ್ದು ಕಂಬರ್ಲ್ಯಾಂಡಿನಲ್ಲೇ ನಿಂತುಹೋಯಿತು. ಕಾಲುವೆಯ ಒಳಗೂ ಬಳಸುಗಳಿವೆ. ಬಿಗ್ ಸ್ಲ್ಯಾಕ್‌ವಾಟರ್ ಎಂಬಲ್ಲಿ ಸುಣ್ಣಕಲ್ಲಿನ ಕಡಿದಾದ ಗೋಡೆ ನೇರವಾಗಿ ನದಿಗೆ ಇಳಿಯುತ್ತದೆ, ಕಾಲುವೆ ತೋಡಲು ಜಾಗವೇ ಇಲ್ಲ. ಎಂಜಿನಿಯರುಗಳು ಕೆಳಗೆ ನಾಲ್ಕನೇ ನಂಬರಿನ ಅಣೆಕಟ್ಟು ಕಟ್ಟಿ ನದಿಯನ್ನೇ ತಡೆದು ನಿಲ್ಲಿಸಿ, ದೋಣಿಗಳನ್ನು ಕಾಲುವೆಯಿಂದ ಹೊರಗೆ ನದಿಗೆ ಬಿಟ್ಟರು. ಹೇಸರಗತ್ತೆಗಳು ಬಂಡೆಯ ಅಂಚಿನ ಕಟ್ಟೆಯ ಮೇಲೆ ನಡೆದವು. ನಕ್ಷೆಯಲ್ಲಿ ಒಂದೇ ಗೆರೆಯಂತೆ ಕಾಣುವ ಕಾಲುವೆ ಹೀಗೆ ಎರಡು ಕಡೆ ತನ್ನ ಹೊಂಡ ಬಿಟ್ಟು ನದಿಗಿಳಿದು ಮತ್ತೆ ಮೇಲೆ ಹತ್ತುತ್ತದೆ.

ಇದಕ್ಕಿಂತ ಬಲವಾದ ಸಾಕ್ಷಿ ಪಾ ಪಾ ಸುರಂಗ. ಆ ಭಾಗದಲ್ಲಿ ಪೊಟೊಮ್ಯಾಕ್ ಹಾವಿನಂತೆ ಹೊರಳಾಡುತ್ತದೆ. ಸುಮಾರು ಆರು ಮೈಲಿಯ ಆ ಹೊರಳುಗಳನ್ನು ತಪ್ಪಿಸಲು 3,118 ಅಡಿ ಉದ್ದಕ್ಕೆ ಬೆಟ್ಟ ಕೊರೆಯಲು ನಿರ್ಧರಿಸಿದರು. 1836ರಲ್ಲಿ ಕೆಲಸ ಶುರುವಾಯಿತು. ಗುತ್ತಿಗೆದಾರ ಲೀ ಮಾಂಟ್ಗೊಮರಿ ಎರಡು ವರ್ಷದಲ್ಲಿ ಮುಗಿಸುವ ಅಂದಾಜಿನಲ್ಲಿದ್ದ. ಹಿಡಿದದ್ದು ಹದಿನಾಲ್ಕು ವರ್ಷ. ಐರಿಷ್ ಕೂಲಿಗಳು, ವೆಲ್ಷ್ ಗಣಿಗಾರರು, ಇಂಗ್ಲಿಷ್ ಗಾರೆಯವರು ಅಲ್ಲಿ ದುಡಿದರು. ಸಂಬಳ ನಿಂತಾಗ ದಂಗೆಗಳಾದವು, ದುಡ್ಡಿಲ್ಲದೆ ವರ್ಷಗಟ್ಟಲೆ ಕೆಲಸವೇ ನಿಂತಿತು. ಕಡೆಗೆ ಅರವತ್ತು ಲಕ್ಷಕ್ಕೂ ಮೇಲೆ ಇಟ್ಟಿಗೆ ಜೋಡಿಸಿದ ಕಮಾನಿನೊಳಗೆ ನೀರು ಹರಿಯಿತು. ಇವತ್ತು ಸವಾರ ದೀಪ ಹಚ್ಚಿಕೊಂಡು, ಸೈಕಲ್ ಇಳಿದು ತಳ್ಳಿಕೊಂಡು, ಹತ್ತು ಹದಿನೈದು ನಿಮಿಷದಲ್ಲಿ ಇದನ್ನು ದಾಟುತ್ತಾನೆ. ಒಳಗೆ ತಣ್ಣಗೆ, ಕತ್ತಲೆ, ಇಟ್ಟಿಗೆಯಿಂದ ಹನಿ. ಬೆರಗಾಗುವ ಜಾಗ, ಆದರೆ ಅಲ್ಲಿ ಕಾಣುವುದು ಇಟ್ಟಿಗೆ ಮಾತ್ರ. ಸುರಂಗದ ಕೆಳಗಡೆಯ ಕಂದಕದಲ್ಲಿ ಬಂಡೆಗಳು ಸಡಿಲವಾಗಿ, 2010ರ ದಶಕದ ಕೊನೆಯ ವರ್ಷಗಳಲ್ಲಿ ಅವನ್ನು ಬಿಗಿಗೊಳಿಸುವ ಕೆಲಸ ನಡೆದಾಗ, ಸವಾರರನ್ನು ಬೆಟ್ಟದ ಮೇಲಿನ ಎರಡು ಮೈಲಿಯ ಕಾಲುದಾರಿಗೆ ಕಳಿಸುತ್ತಿದ್ದರು. ಸಾಮಾನು ಹೇರಿದ ಸೈಕಲ್ಲನ್ನು ಆ ಏರಿನಲ್ಲಿ ತಳ್ಳುವುದು ಸುಲಭವಲ್ಲ. ಮಳೆಯಲ್ಲಂತೂ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ. ಹದಿನಾಲ್ಕು ವರ್ಷ ಸುರಂಗ ಕೊರೆದ ಕೆಲಸಗಾರರು ವಾಸವಾಗಿದ್ದುದು ಆ ಬೆಟ್ಟದ ಮೇಲಿನ ದಾರಿಯುದ್ದಕ್ಕೂ. ಸುರಂಗ ತೆರೆದಿದ್ದರೆ ಅವರ ಕೆಲಸ ಕಾಣುತ್ತದೆ, ಅವರು ಬದುಕಿದ್ದ ಜಾಗ ಕಾಣುವುದಿಲ್ಲ. ಆ ಏರನ್ನು ಒದ್ದೆ ಬೂಟಿನಲ್ಲಿ ಹತ್ತಿದವನಿಗೆ, ಕೆಳಗಿನ ಬೆಟ್ಟ ಕೊರೆಯಲು ಹೋಗುವ ಮುನ್ನ ಮತ್ತು ಬಂದ ಮೇಲೆ ಆ ಜನ ಎಂಥ ನೆಲದ ಮೇಲೆ ನಡೆದಿರಬೇಕು ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಬಳಸುದಾರಿಯನ್ನು ನಾನು ಪ್ರವಾಸದ ಮುಖ್ಯ ಭಾಗ ಎನ್ನುವುದು ಈ ಅರ್ಥದಲ್ಲಿ. ಆರು ಮೈಲಿ ಉಳಿಸಲು ಹದಿನಾಲ್ಕು ವರ್ಷ ತೆತ್ತ ಒಳದಾರಿಯ ಬೆಲೆ ಅದರ ಮೇಲಿನ ಸುತ್ತಿನಲ್ಲೇ ಗೊತ್ತಾಗುವುದು.

ಇದಕ್ಕೆ ಗಂಭೀರವಾದ ಒಂದು ಆಕ್ಷೇಪವಿದೆ. ಮುಚ್ಚಿದ ದಾರಿಯಲ್ಲಿ ಚರಿತ್ರೆ ಹುಡುಕುವುದು ಚೆನ್ನಾಗಿಯೇ ಇದೆ, ಆದರೆ ಮುಚ್ಚಿದ ದಾರಿ ಎಂದರೆ ರಿಪೇರಿಯಾಗದ ದಾರಿ. ಅದನ್ನು ಹೊಗಳುವುದೆಂದರೆ ನಿರ್ವಹಣೆಯ ಲೋಪವನ್ನೇ ಹೊಗಳಿದಂತೆ ಎಂದು ಯಾರಾದರೂ ಹೇಳಬಹುದು. ಬಿಗ್ ಸ್ಲ್ಯಾಕ್‌ವಾಟರ್ ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. 1996ರ ಪ್ರವಾಹದಲ್ಲಿ ಅಲ್ಲಿನ ಬಂಡೆಯಂಚಿನ ಕಟ್ಟೆ ಹಾಳಾಯಿತು. ದಾರಿ ಮತ್ತೆ ತೆರೆದದ್ದು 2012ರ ಅಕ್ಟೋಬರಿನಲ್ಲಿ, ಸುಮಾರು 1.9 ಕೋಟಿ ಡಾಲರ್ ಖರ್ಚಿನ ಕೆಲಸ ಮುಗಿದ ಮೇಲೆ. ನಡುವಿನ ಹದಿನಾರು ವರ್ಷ ಸವಾರರು, ನಡಿಗೆಯವರು, ಮಕ್ಕಳನ್ನು ಕರೆತಂದ ಸಂಸಾರದವರು ಅಕ್ಕಪಕ್ಕ ಜಾಗವೇ ಇಲ್ಲದ ಇಕ್ಕಟ್ಟು ಹಳ್ಳಿರಸ್ತೆಗಳಲ್ಲಿ, ಎದುರು ಬರುವ ವಾಹನ ಕಾಣದ ತಿರುವುಗಳಲ್ಲಿ ಸುತ್ತಬೇಕಾಗಿತ್ತು. ಮಳೆಯಲ್ಲಿ ಅಂಥ ರಸ್ತೆ ಅಪಾಯದ್ದು. ಕಾರಿನ ಗಾಜಿನ ಮೇಲೆ ನೀರು, ಸವಾರನ ಕನ್ನಡಕದ ಮೇಲೆ ನೀರು. ಹದಿನಾರು ವರ್ಷವನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು, ನಾನೂ ಸಮರ್ಥಿಸುತ್ತಿಲ್ಲ. ನನ್ನ ಮಾತು ಬೇರೆ. ಆ ಸುತ್ತಿನಲ್ಲಿ ತೊಯ್ದು ಬಂದವರಿಗೆ ದಾರಿ ಎಂಬುದು ಇದ್ದೇ ಇರುವ ವಸ್ತುವಲ್ಲ, ಕಟ್ಟಬೇಕಾದ ವಸ್ತು ಎಂಬುದು ಮನದಟ್ಟಾಗಿತ್ತು. ಹೊಸ ಕಾಂಕ್ರೀಟ್ ಕಟ್ಟೆಯ ಮೇಲೆ ಇವತ್ತು ನದಿಗೆ ಅಂಟಿಕೊಂಡೇ ಸಾಗುವ ಸವಾರ ಅದನ್ನು ಸಿ ಅಂಡ್ ಓ ದಾರಿಯ ಅತ್ಯಂತ ಚೆಂದದ ಮೈಲಿಗಳೆಂದು ಬರೆಯುತ್ತಾನೆ. ಹಳೆಯ ಸುತ್ತನ್ನು ಬಲ್ಲವನು ಅದೇ ಕಟ್ಟೆಯಲ್ಲಿ ಯಾರೋ ಕೇಳಿ, ಯಾರೋ ಒಪ್ಪಿ, ಯಾರೋ ಕಟ್ಟಿದ್ದನ್ನೂ ಕಾಣುತ್ತಾನೆ. ಸುತ್ತುದಾರಿಯ ದಿನವನ್ನು ನೆನಪಿನಿಂದ ಅಳಿಸಿಬಿಟ್ಟರೆ ಮುಂದಿನ ಪ್ರವಾಹದ ನಂತರ ದುಡ್ಡು ಕೇಳುವವರು ಯಾರು? ಲೋಪವನ್ನು ಮರೆಯುವವರಿಗಿಂತ ನೆನಪಿಡುವವರೇ ರಿಪೇರಿಗೆ ಹತ್ತಿರದವರು.

ಮುಂದಿನ ಪ್ರವಾಹ ಎಂದದ್ದು ಸುಮ್ಮನೆ ಅಲ್ಲ. ಈ ದಾರಿಗೆ ನೀರೇ ಹಳೆಯ ಒಡೆಯ. 1889ರ ಮೇ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಊರಿನ ಮೇಲಿನ ಅಣೆ ಒಡೆಯಿಸಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಅದೇ ಬಿರುಮಳೆ ಈ ಕಡೆ ಪೊಟೊಮ್ಯಾಕನ್ನು ಉಕ್ಕಿಸಿ ಕಾಲುವೆ ಕಂಪನಿಯನ್ನು ದಿವಾಳಿ ಮಾಡಿತು. ಕಾಲುವೆ ಹಳೆಯ ಎದುರಾಳಿಯಾದ ರೈಲು ಕಂಪನಿಯ ಕೈ ಸೇರಿ ಮತ್ತೆ ಕೆಲವು ಕಾಲ ನಡೆಯಿತು. 1924ರ ನೆರೆಯ ನಂತರ ದೋಣಿ ನಡೆಯಲೇ ಇಲ್ಲ. 1936ರಲ್ಲಿ ನೆರೆ, 1972ರಲ್ಲಿ ಆಗ್ನೆಸ್ ಚಂಡಮಾರುತ, 1985ರಲ್ಲಿ ನೆರೆ, 1996ರಲ್ಲಿ ಜನವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ. ಟೋಪಾತ್ ಇರುವುದೇ ನದಿಯ ನೆರೆಬಯಲಿನಲ್ಲಿ; ನೀರಿನ ಮಟ್ಟಕ್ಕೆ ಹತ್ತಿರವಿರಲಿ ಎಂದೇ ಅದನ್ನು ಅಲ್ಲಿ ಮಾಡಿದ್ದು. ಏರಿಲ್ಲದ ಸುಖ ಎಲ್ಲಿಂದ ಬಂದಿದೆಯೋ ಮುಳುಗುವ ಕಷ್ಟವೂ ಅಲ್ಲಿಂದಲೇ ಬಂದಿದೆ. ಬಿಸಿಲಿನ ದಿನ ಮಟ್ಟಸ ನೆಲವನ್ನು ಹೊಗಳಿ, ಮಳೆಯ ದಿನ ನೀರನ್ನು ಬೈಯುವವನು ಒಂದೇ ಸಂಗತಿಯ ಎರಡು ಮುಖಗಳನ್ನು ಬೇರೆ ಬೇರೆ ಎಂದು ತಿಳಿದಿರುತ್ತಾನೆ.

ಎರಡನೆಯ ಆಕ್ಷೇಪ ನೆನಪಿನ ಬಗ್ಗೆಯೇ. ನಡುಗುತ್ತ ಕಳೆದ ದಿನವನ್ನು ವರ್ಷಗಳ ನಂತರ ಸಿಹಿಯಾಗಿ ನೆನೆಯುವುದು ನೆನಪಿನ ಮೋಸ, ಅದರ ಮೇಲೆ ವಾದ ಕಟ್ಟಬಾರದು ಎನ್ನುವವರಿದ್ದಾರೆ. ಅವರ ಕೈಯಲ್ಲಿ ಒಳ್ಳೆಯ ಪುರಾವೆಯೂ ಇದೆ. ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜೊತೆಗೆ ಮತ್ತೆ 30 ಸೆಕೆಂಡ್ ಇಟ್ಟರು, ಆ ಕೊನೆಯ ಅವಧಿಯಲ್ಲಿ ನೀರನ್ನು ಒಂದೇ ಒಂದು ಡಿಗ್ರಿ ಬೆಚ್ಚಗೆ ಮಾಡಿದ್ದರು. ಯಾವುದನ್ನು ಮತ್ತೊಮ್ಮೆ ಮಾಡುವಿರಿ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು. ಒಟ್ಟು ನೋವು ಹೆಚ್ಚಾದರೂ ಕೊನೆ ಚೂರು ಹಿತವಾಗಿದ್ದರೆ ನೆನಪು ಅದನ್ನೇ ಮೆಚ್ಚುತ್ತದೆ. ತಣ್ಣೀರಿನ ಈ ಪಾಠ ಸೈಕಲ್ ಸವಾರನಿಗೆ ಹೇಳಿ ಮಾಡಿಸಿದಂತಿದೆ: ಎಂಟು ತಾಸು ತೊಯ್ದು, ಕಡೆಗೆ ಹ್ಯಾನ್ಕಾಕ್ ಊರಿನಲ್ಲಿ ಬಿಸಿ ಕಾಫಿ, ಒಣ ಕಾಲುಚೀಲ ಸಿಕ್ಕರೆ ಇಡೀ ದಿನಕ್ಕೆ ಆ ಕಾಫಿಯ ಬಣ್ಣ ಹತ್ತುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಮಳೆಯ ದಿನ ಸುಖವಾಗಿತ್ತು ಎಂದು ನಾನು ವಾದಿಸಿದ್ದರೆ ಮಾತ್ರ ಈ ಪ್ರಯೋಗ ನನ್ನ ವಾದವನ್ನು ಮುರಿಯುತ್ತಿತ್ತು. ಆ ದಿನ ಏನು ತಿಳಿಯಿತು ಎಂಬುದು ನನ್ನ ಪ್ರಶ್ನೆ. ನೆನಪು ಚಳಿಯನ್ನು ಕಡಿಮೆ ಮಾಡಿ ತೋರಿಸಬಹುದು, ಮೋರಿ ಎಲ್ಲಿ ಕೊಚ್ಚಿಹೋಗಿತ್ತು ಎಂಬುದನ್ನು ಬದಲಾಯಿಸಲಾರದು. ಅದು ನಕ್ಷೆಯಲ್ಲಿದೆ, ಮೈಲಿಗಲ್ಲಿನ ನಂಬರಿನಲ್ಲಿದೆ, ಒದ್ದೆಯಾಗಿ ಒಣಗಿದ ಟಿಪ್ಪಣಿ ಪುಸ್ತಕದಲ್ಲಿದೆ. ಜೊತೆಗೆ ಇನ್ನೊಂದು ಮಾತು. ಬಿಸಿಲಿನ ದಿನ ಸವಾರ ಮಾಡುವ ತೀರ್ಮಾನಗಳು ಕಡಿಮೆ, ದಾರಿ ಇದ್ದ ಹಾಗೆ ಸಾಗುತ್ತಾನೆ. ಮಳೆಯಲ್ಲಿ ತಿರುವಿಗೊಂದು ತೀರ್ಮಾನ: ಈ ಹೊಂಡವನ್ನು ಹಾಯುವುದೋ ಇಳಿಯುವುದೋ, ಟೈರಿನ ಗಾಳಿ ಸ್ವಲ್ಪ ಬಿಡುವುದೋ, ಮುಂದಿನ ಶಿಬಿರದ ಜಾಗದಲ್ಲಿ ನಿಲ್ಲುವುದೋ ಕತ್ತಲಾಗುವ ಮುನ್ನ ಊರು ಮುಟ್ಟುವುದೋ. ತಾನೇ ಆರಿಸಿದ್ದನ್ನು ಮನುಷ್ಯ ಬಹಳ ಕಾಲ ನೆನಪಿಡುತ್ತಾನೆ. ಇದರಲ್ಲಿ ಮೋಸವೇನೂ ಇಲ್ಲ.

ಹ್ಯಾನ್ಕಾಕಿನ ಮಾತು ಬಂದದ್ದರಿಂದ ಅಲ್ಲಿನ ಒಂದು ಆಯ್ಕೆಯನ್ನು ಹೇಳಲೇಬೇಕು. ಆ ಊರಿನ ಎರಡೂ ಕಡೆ ಟೋಪಾತಿಗೆ ಸಮಾನಾಂತರವಾಗಿ, ಕೆಲವೇ ಮೀಟರ್ ಮೇಲೆ, ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ ಟ್ರೇಲ್ ಎಂಬ ಡಾಂಬರು ದಾರಿ ಇದೆ. ಬಿಗ್ ಪೂಲ್‌ನಿಂದ ಲಿಟ್ಲ್ ಓರ್ಲಿಯನ್ಸ್‌ವರೆಗೆ ಸುಮಾರು 28 ಮೈಲಿ; ಕೊನೆಯ ತುಂಡು ಸೇರಿದ್ದು 2019ರಲ್ಲಿ. ಕೆಳಗೆ ಕೆಸರು, ಮೇಲೆ ತೊಳೆದಿಟ್ಟಂಥ ಡಾಂಬರು. ಮಳೆಯಲ್ಲಿ ಬಹುತೇಕ ಎಲ್ಲರೂ ಮೇಲಕ್ಕೆ ಹತ್ತಿಬಿಡುತ್ತಾರೆ, ಹತ್ತಬೇಕು ಕೂಡ. ಕೆಸರಿನಲ್ಲಿ ಚಕ್ರ ಹಾಯಿಸಿ ಜಾಡು ಆಳ ಮಾಡುವುದರಿಂದ ದಾರಿಗೂ ಹಾನಿ. ಸ್ವಾರಸ್ಯವೆಂದರೆ ಆ ಡಾಂಬರು ದಾರಿಯಲ್ಲೇ ಒಂದು ಬಳಸು ಇದೆ. ಇಂಡಿಗೋ ಎಂಬ ಹಳೆಯ ರೈಲು ಸುರಂಗದಲ್ಲಿ ಬಾವಲಿಗಳು ಚಳಿಗಾಲ ಕಳೆಯುತ್ತವೆ. ಅವಕ್ಕೆ ತೊಂದರೆಯಾಗದಿರಲೆಂದು ಸುರಂಗವನ್ನು ಅವಕ್ಕೇ ಬಿಟ್ಟು, ಸವಾರರನ್ನು ಅಷ್ಟು ದೂರ ಮತ್ತೆ ಟೋಪಾತಿಗೆ ಇಳಿಸಿದ್ದಾರೆ. ರಿಪೇರಿಯಾಗದ್ದಕ್ಕೆ ಸುತ್ತು, ಬಿದ್ದ ಮರಕ್ಕೆ ಸುತ್ತು ಎಂದಷ್ಟೇ ಬಳಸುದಾರಿಯನ್ನು ತಿಳಿದವರು ಇದನ್ನು ಗಮನಿಸಬೇಕು. ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ, ಮುಂದೆ ತೆಗೆದುಹಾಕಬೇಕಾದದ್ದೂ ಅಲ್ಲ. ಇನ್ನೊಂದು ಜೀವಕ್ಕೆ ಜಾಗ ಬಿಟ್ಟು ಮನುಷ್ಯ ಸುತ್ತಿ ಹೋಗಲು ಒಪ್ಪಿಕೊಂಡ ದಾರಿ. ನನಗೆ ಈ ಇಡೀ ಪ್ರದೇಶದಲ್ಲಿ ಅತ್ಯಂತ ಗೌರವ ಹುಟ್ಟಿಸುವ ಜಾಗ ಅದು.

ಮೂರನೆಯ ಆಕ್ಷೇಪ ಹಟದವರದು. ಕೊನೆಯಿಂದ ಕೊನೆಯವರೆಗೆ ಒಂದು ಗಜವೂ ಬಿಡದೆ ತುಳಿದರೆ ಮಾತ್ರ ಪ್ರವಾಸ ಪೂರ್ತಿಯಾಯಿತು, ಸುತ್ತಿ ಬಂದರೆ ಅಷ್ಟು ಭಾಗ ಬಾಕಿ ಎಂದು ಅವರ ನಂಬಿಕೆ. ಇದೇ ನಂಬಿಕೆಯಿಂದ ಕೆಲವರು ಅಡ್ಡಗಟ್ಟೆಯ ಮೇಲೆ ಸೈಕಲ್ ಎತ್ತಿ ದಾಟಿಸಿ ಮುಚ್ಚಿದ ಭಾಗಕ್ಕೆ ನುಗ್ಗುತ್ತಾರೆ. ಪೂರ್ತಿ ಮಾಡುವ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಿಲ್ಲದೆ ದೂರದ ಪ್ರವಾಸಕ್ಕೆ ಯಾರೂ ಹೊರಡುವುದೇ ಇಲ್ಲ. ಆದರೆ ಈ ದಾರಿ ಇವತ್ತು ಉಳಿದಿರುವುದಕ್ಕೆ ಕಾರಣವಾದ ನಡಿಗೆಯನ್ನು ನೆನೆಯೋಣ. 1938ರಲ್ಲಿ ಸರ್ಕಾರ 20 ಲಕ್ಷ ಡಾಲರಿಗೆ ಕಾಲುವೆಯನ್ನು ಕೊಂಡಿತು. ಮುಂದೆ ಅದರ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆ ಹುಟ್ಟಿತು. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯ ಅದನ್ನು ಬೆಂಬಲಿಸಿದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಓ. ಡಗ್ಲಸ್, ಸಂಪಾದಕೀಯ ಬರೆದವರು ತನ್ನ ಜೊತೆ ಆ ದಾರಿ ಪೂರ್ತಿ ನಡೆದು ನೋಡಲಿ ಎಂದು ಕರೆದರು. ಮಾರ್ಚ್ 20ರಂದು ಕಂಬರ್ಲ್ಯಾಂಡಿನಿಂದ ಹೊರಟ ಆ ಎಂಟು ದಿನದ ನಡಿಗೆಯಲ್ಲಿ ಒಂದಲ್ಲ ಒಂದು ಭಾಗಕ್ಕೆ ಸೇರಿದವರು 58 ಜನ, ಪೂರ್ತಿ 184.5 ಮೈಲಿ ನಡೆದವರು ಡಗ್ಲಸ್ ಸೇರಿ ಒಂಬತ್ತೇ ಮಂದಿ. ಕರೆಗೆ ಓಗೊಟ್ಟು ಬಂದಿದ್ದ ಪತ್ರಿಕೆಯ ಮೆರ್ಲೊ ಪ್ಯೂಸಿ ಮತ್ತು ರಾಬರ್ಟ್ ಎಸ್ಟಾಬ್ರೂಕ್ ಆ ಒಂಬತ್ತರಲ್ಲಿ ಇರಲಿಲ್ಲ. ಆದರೂ ಪತ್ರಿಕೆ ತನ್ನ ನಿಲುವನ್ನು ಬದಲಿಸಿಕೊಂಡಿತು. ಅಧ್ಯಕ್ಷ ಐಸೆನ್‌ಹೋವರ್ 1961ರಲ್ಲಿ ಕಾಲುವೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು, 1971ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಅರ್ಧ ನಡೆದವರ ಕಣ್ಣಿಗೂ ಆ ದಾರಿ ಬೇಕಾದಷ್ಟನ್ನು ತೋರಿಸಿತ್ತು. ಒಂದು ಗಜ ಬಿಟ್ಟರೆ ದಾರಿ ತಿಳಿಯುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಅಡ್ಡಗಟ್ಟೆ ಹಾರುವವರ ವಿಷಯದಲ್ಲಿ ನನಗೆ ಸಹನೆಯಿಲ್ಲ. ಸಡಿಲ ಬಂಡೆಯ ಕೆಳಗೆ ಸಿಕ್ಕಿಬಿದ್ದವನನ್ನು ಎತ್ತಿ ತರಲು ಹೋಗುವ ಜನರೂ ಅದೇ ಬಂಡೆಯ ಕೆಳಗೆ ಹೋಗಬೇಕು.

ಅಪಾಯದ ಮಾತನ್ನು ಇಷ್ಟಕ್ಕೇ ಬಿಡಲಾಗದು. ಮಳೆಯ ದಿನವನ್ನು ಎತ್ತಿಹಿಡಿಯುವ ಬರಹಗಳಲ್ಲಿ ಸಹಿಸಿಕೊಂಡದ್ದೇ ದೊಡ್ಡಸ್ತಿಕೆ ಎಂಬ ಧಾಟಿ ಸುಲಭವಾಗಿ ಬಂದುಬಿಡುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ವಸಂತದ ಪೊಟೊಮ್ಯಾಕ್ ಕಣಿವೆಯಲ್ಲಿ ಹತ್ತು ಡಿಗ್ರಿಯ ಮಳೆ ಹಿಮಕ್ಕಿಂತ ಕೆಟ್ಟದ್ದು. ಬಟ್ಟೆ ತೊಯ್ದ ಮೇಲೆ ತುಳಿಯುವಾಗ ಮೈ ಬೆಚ್ಚಗಿರುತ್ತದೆ, ಪಂಕ್ಚರ್ ಹಾಕಲು ಇಳಿದ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟಿ ವಾಲ್ವಿನ ಮುಚ್ಚಳ ತಿರುಗಿಸಲೂ ಆಗುವುದಿಲ್ಲ. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಪ್ರವಾಸ ಅಲ್ಲಿಗೇ ನಿಲ್ಲಬೇಕು. ಕಾಲುವೆಯುದ್ದಕ್ಕೂ ಐದಾರು ಮೈಲಿಗೊಂದು ಶಿಬಿರದ ಜಾಗ, ಕೈಪಂಪಿನ ನೀರು, ಒಂದು ಮೇಜು ಇವೆ, ಆದರೆ ಅಲ್ಲಿ ಸೂರಿಲ್ಲ. ಮಳೆಯಿಂದ ಕಾಯುವುದು ಊರಿನ ಮನೆಯೇ ಹೊರತು ಮರದ ನೆರಳಲ್ಲ. ಗಾಳಿಯಲ್ಲಿ ತೊಯ್ದ ಹಳೆಯ ಮೇಪಲ್ ಕೊಂಬೆಯೇ ದೊಡ್ಡ ಅಪಾಯ. ಇಳಿದು ಊರಿಗೆ ಹೋಗಿ ಎರಡು ದಿನ ಕಾದವನು ಸೋತವನಲ್ಲ, ಅವನೂ ಬಳಸಿದ್ದಾನೆ, ದೂರವನ್ನಲ್ಲ, ಹೊತ್ತನ್ನು. ನದಿ ಇಳಿಯುವವರೆಗೆ ದೋಣಿಯವರು ಮಾಡುತ್ತಿದ್ದುದೂ ಅದನ್ನೇ.

ಬಳಸು ತೆಗೆದುಹಾಕಿದ ಮೇಲೂ ಜನ ಬಳಸುವುದುಂಟು. ಮೇಲಿನ ಅಲೆಗೇನಿ ದಾರಿಯಲ್ಲಿ ಪಿಂಕರ್ಟನ್ ಎಂಬಲ್ಲಿ ಕ್ಯಾಸಲ್‌ಮನ್ ನದಿ ಕುದುರೆ ಲಾಳದಂತೆ ತಿರುಗುತ್ತದೆ. ಅದರ ಕೊರಳಿಗೆ ಅಡ್ಡವಾಗಿ ಇದ್ದ 849 ಅಡಿಯ ರೈಲು ಸುರಂಗ ಶಿಥಿಲವಾಗಿದ್ದಾಗ ಸವಾರರು ಒಂದೂವರೆ ಮೈಲಿ ಸುತ್ತಿ ನದಿಯ ಅಂಚಿನಲ್ಲಿ ಹೋಗುತ್ತಿದ್ದರು. 2015ರಲ್ಲಿ ಸುರಂಗ ಸರಿಯಾಯಿತು, ಈಗ ಒಂದು ನಿಮಿಷದಲ್ಲಿ ಆಚೆ ಬದಿ. ಹಳೆಯ ಸುತ್ತು ಅಲ್ಲೇ ಇದೆ, ಮರಗಳ ನಡುವೆ, ನೀರಿನ ಸದ್ದಿನ ಪಕ್ಕದಲ್ಲಿ. ಹಾಗೆಯೇ ವಾಷಿಂಗ್ಟನ್ ತುದಿಯಲ್ಲಿ, ಗ್ರೇಟ್ ಫಾಲ್ಸ್ ಜಲಪಾತ ದಾಟಿ ಜಾರ್ಜ್‌ಟೌನ್ ಸೇರಿದ ಮೇಲೆ, ಟೋಪಾತ್ ಕಟ್ಟಡಗಳ ನಡುವೆ ತುಂಡಾದಂತೆ ಕಾಣುತ್ತದೆ. ಸೊನ್ನೆಯ ಮೈಲಿಗಲ್ಲು ಎಲ್ಲಿ ಎಂದು ಫಲಕ ಹುಡುಕಿದವರಿಗೆ ಅದು ಸುಲಭವಾಗಿ ಸಿಗುವುದಿಲ್ಲ. ರಾಕ್ ಕ್ರೀಕ್ ಪೊಟೊಮ್ಯಾಕನ್ನು ಸೇರುವ ಬಾಯಲ್ಲಿ ಒಂದು ದೋಣಿಮನೆ ಇದೆ. ಸೈಕಲ್ಲನ್ನು ಅದರ ಹಿಂಬದಿಗೆ ತಿರುಗಿಸಿಕೊಂಡು ಹೋದರೆ, ಹಳೆಯ ಲಾಕಿನ ಕಲ್ಲುಗಳ ಪಕ್ಕದಲ್ಲಿ, ನದಿಗೆ ಮುಖ ಮಾಡಿ ಅದು ನಿಂತಿದೆ.